ಕಾನೂನು ಗ್ರಂಥಪಾಲಕರ ಸಂಘವು ಮುಂದಿನ ವರ್ಷದ ಯೋಜನೆಯನ್ನು ರೂಪಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕಾನೂನು ಗ್ರಂಥಪಾಲಕರಲ್ಲಿ ಅನೇಕರು ತಮ್ಮ ಸಂಸ್ಥೆಯಲ್ಲಿ ಆ ವೃತ್ತಿಯನ್ನು ಬಲ್ಲ ಏಕೈಕ ವ್ಯಕ್ತಿಯಾಗಿರುತ್ತಾರೆ. ನ್ಯಾಯಾಲಯದ ಗ್ರಂಥಾಲಯವಾಗಲಿ, ವಕೀಲರ ಸಂಸ್ಥೆಯಾಗಲಿ, ಕಾನೂನು ಕಾಲೇಜಾಗಲಿ, ಶಾಸನಸಭೆಯಾಗಲಿ, ಅವರ ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಗ್ರಂಥಪಾಲಕರು ಕುಳಿತಿರುವುದು ಅಪರೂಪ. ತಿದ್ದುಪಡಿಯೊಂದು ಯಾವ ದಿನದಿಂದ ಜಾರಿಗೆ ಬಂತು ಎಂಬ ಸಂಶಯ ಎದ್ದಾಗ, ಹಳೆಯ ತೀರ್ಪು ವರದಿಯ ಸಂಪುಟವೊಂದು ಕಪಾಟಿನಲ್ಲಿ ಸಿಗದಿದ್ದಾಗ, ಡೇಟಾಬೇಸಿನ ಚಂದಾ ಒಪ್ಪಂದದಲ್ಲಿ ಅರ್ಥವಾಗದ ಷರತ್ತು ಕಂಡಾಗ, ಅವರು ಕೇಳಬೇಕಾದ ವ್ಯಕ್ತಿ ಬೇರೆ ಕಟ್ಟಡದಲ್ಲಿ, ಎಷ್ಟೋ ಸಲ ಬೇರೆ ಊರಿನಲ್ಲಿ ಇರುತ್ತಾರೆ. ಆ ಪಕ್ಕದ ಮೇಜಿನ ಕೊರತೆಯನ್ನು ತುಂಬಬೇಕಾದದ್ದು ವೃತ್ತಿಪರ ಸಂಘ. ಹಾಗಿದ್ದರೂ ಹಲವು ಸಂಘಗಳ ವಾರ್ಷಿಕ ಯೋಜನೆಯನ್ನು ತೆರೆದು ನೋಡಿದರೆ ಅಲ್ಲಿ ಕಾಣುವುದು ಸಮಾರಂಭಗಳ ಪಟ್ಟಿ ಮಾತ್ರ: ಒಂದು ಉದ್ಘಾಟನೆ, ನಾಲ್ಕು ಉಪನ್ಯಾಸ, ಒಂದು ಸಮ್ಮೇಳನ, ಒಂದು ಸ್ಮರಣ ಸಂಚಿಕೆ.

ಇದಕ್ಕಿಂತ ಗಟ್ಟಿಯಾದ ಆಯ್ಕೆ ಹೇಗಿರುತ್ತದೆ ಎಂಬುದಕ್ಕೆ ಈ ವೃತ್ತಿಯ ಇತಿಹಾಸದಲ್ಲೇ ಉದಾಹರಣೆಯಿದೆ. ಅಮೆರಿಕದ ಕಾನೂನು ಗ್ರಂಥಪಾಲಕರು 1906ರಲ್ಲಿ ತಮ್ಮ ಸಂಘವನ್ನು ಕಟ್ಟಿದರು. ಎರಡೇ ವರ್ಷಗಳಲ್ಲಿ, ಅಂದರೆ 1908ರಲ್ಲಿ, ಆ ಪುಟ್ಟ ಸಂಘವು ಕಾನೂನು ನಿಯತಕಾಲಿಕೆಗಳ ಲೇಖನಗಳಿಗೆ ವಿಷಯವಾರು ಸೂಚಿಯನ್ನು ಸಿದ್ಧಪಡಿಸಿ ಪ್ರಕಟಿಸತೊಡಗಿತು. ಆ ಸೂಚಿ ಪ್ರತಿಯೊಂದು ಗ್ರಂಥಾಲಯಕ್ಕೂ ಬೇಕಿತ್ತು, ಆದರೆ ಯಾವುದೇ ಒಂದು ಗ್ರಂಥಾಲಯ ಅದನ್ನು ತಾನೊಬ್ಬನೇ ಮಾಡಿ ಮುಗಿಸುವಂತಿರಲಿಲ್ಲ. ಈ ಮಾರ್ಗದರ್ಶಿಯ ಎಲ್ಲ ಹಂತಗಳ ಹಿಂದೆಯೂ ಇರುವ ಒರೆಗಲ್ಲು ಇದೇ: ಸದಸ್ಯರೆಲ್ಲರಿಗೂ ಬೇಕಾದ, ಆದರೆ ಯಾವ ಸದಸ್ಯರೂ ಒಂಟಿಯಾಗಿ ಮಾಡಲಾಗದ ಕೆಲಸಕ್ಕೆ ಯೋಜನೆಯಲ್ಲಿ ಮೊದಲ ಸ್ಥಾನ ಸಿಗಬೇಕು, ಮತ್ತು ಆ ಕೆಲಸ ನಮ್ಮ ಕೈಯಲ್ಲಿರುವ ಗಂಟೆಗಳೊಳಗೆ ಮುಗಿಯುವಂತಿರಬೇಕು.

ಮೊದಲ ಹಂತ: ಹೊಸ ವರ್ಷಕ್ಕೆ ನಾಲ್ಕು ತಿಂಗಳ ಮುಂಚೆ ಹಳೆಯ ಲೆಕ್ಕವನ್ನು ತೀರಿಸಿ

ಹೊಸ ಪದಾಧಿಕಾರಿಗಳು ಅಧಿಕಾರ ವಹಿಸಿಕೊಂಡ ಮೇಲೆ ಯೋಜನೆಗೆ ಕೂರುವುದು ಬಹಳ ಸಂಘಗಳ ರೂಢಿ. ಹೀಗೆ ಮಾಡಿದರೆ ಮೊದಲ ಮೂರು ತಿಂಗಳು ಚರ್ಚೆಯಲ್ಲೇ ಕಳೆದುಹೋಗುತ್ತವೆ. ಆದ್ದರಿಂದ ಈಗಿನ ಕಾರ್ಯಕಾರಿ ಸಮಿತಿಯ ಇಬ್ಬರು ಮತ್ತು ಮುಂದಿನ ವರ್ಷ ಜವಾಬ್ದಾರಿ ಹೊರಲಿರುವ ಇಬ್ಬರು ಸೇರಿ ನಾಲ್ವರ ಯೋಜನಾ ತಂಡವನ್ನು ವರ್ಷಾಂತ್ಯಕ್ಕೆ ನಾಲ್ಕು ತಿಂಗಳು ಇರುವಾಗಲೇ ರಚಿಸಿರಿ. ತಂಡದಲ್ಲಿ ನ್ಯಾಯಾಲಯ, ಕಾಲೇಜು ಮತ್ತು ವಕೀಲರ ಸಂಸ್ಥೆ ಈ ಮೂರೂ ಬಗೆಯ ಗ್ರಂಥಾಲಯಗಳ ಅನುಭವವಿರಲಿ, ಏಕೆಂದರೆ ಒಂದು ಬಗೆಯವರಿಗೆ ಸಹಜವಾಗಿ ತೋರುವ ಅಗತ್ಯ ಇನ್ನೊಂದು ಬಗೆಯವರಿಗೆ ಹೊಳೆಯುವುದೇ ಇಲ್ಲ.

ತಂಡದ ಮೊದಲ ಸಭೆಯಲ್ಲಿ ಹೊಸ ವಿಚಾರಗಳನ್ನು ಎತ್ತಬಾರದು. ಕಳೆದ ವರ್ಷದ ಯೋಜನೆ, ಸಭೆಗಳ ನಡಾವಳಿ ಮತ್ತು ಖಜಾಂಚಿಯ ಲೆಕ್ಕ, ಈ ಮೂರನ್ನೂ ಮುಂದಿಟ್ಟುಕೊಂಡು ಪ್ರತಿಯೊಂದು ಕೆಲಸದ ಎದುರು ಅದು ಮುಗಿಯಿತೇ, ಅರ್ಧಕ್ಕೆ ನಿಂತಿತೇ, ಆರಂಭವೇ ಆಗಲಿಲ್ಲವೇ ಎಂದು ಬರೆಯಿರಿ. ಅರ್ಧಕ್ಕೆ ನಿಂತ ಕೆಲಸಗಳ ಬಗ್ಗೆ ನಿಷ್ಠುರವಾಗಿರಬೇಕಾಗುತ್ತದೆ. ಎರಡು ವರ್ಷಗಳಿಂದ ಯೋಜನೆಯಲ್ಲಿ ಉಳಿದುಕೊಂಡೂ ಒಂದು ಹೆಜ್ಜೆ ಮುಂದೆ ಹೋಗದ ಕೆಲಸವನ್ನು ಮೂರನೆಯ ವರ್ಷಕ್ಕೆ ಸುಮ್ಮನೆ ದಾಟಿಸಬೇಡಿ. ಅದನ್ನು ನಡೆಸುವವರು ಹೆಸರಿನ ಸಮೇತ ಮುಂದೆ ಬಂದರೆ ಉಳಿಸಿಕೊಳ್ಳಿ, ಇಲ್ಲವಾದರೆ ಕೈಬಿಟ್ಟಿದ್ದೇವೆ ಎಂದು ನಡಾವಳಿಯಲ್ಲಿ ದಾಖಲಿಸಿ. ಕೈಬಿಡುವುದನ್ನು ಅವಮಾನವೆಂದು ಭಾವಿಸುವ ಸಮಿತಿಗಳು ಪ್ರತಿ ವರ್ಷವೂ ಹಳೆಯ ಭಾರದ ಮೇಲೆ ಹೊಸ ಭಾರವನ್ನು ಹೇರಿಕೊಳ್ಳುತ್ತವೆ, ಕೊನೆಗೆ ಎರಡನ್ನೂ ಹೊರಲಾರವು.

ಎರಡನೆಯ ಹಂತ: ಸದಸ್ಯರ ಮೇಜಿನ ಮೇಲಿನ ಪ್ರಶ್ನೆಗಳನ್ನು ಸಂಗ್ರಹಿಸಿ

ಸದಸ್ಯರ ಅಭಿಪ್ರಾಯ ಕೇಳಲು ನಮೂನೆಯೊಂದನ್ನು ಕಳುಹಿಸುವುದು ಸುಲಭ. ಆದರೆ "ನಿಮಗೆ ಯಾವ ವಿಷಯದಲ್ಲಿ ತರಬೇತಿ ಬೇಕು" ಎಂದು ಕೇಳಿದರೆ ಜನ ಆ ಕಾಲದಲ್ಲಿ ಚಾಲ್ತಿಯಲ್ಲಿರುವ ವಿಷಯದ ಹೆಸರನ್ನು ಬರೆಯುತ್ತಾರೆಯೇ ಹೊರತು ತಮ್ಮ ನಿಜವಾದ ತೊಡಕನ್ನು ಬರೆಯುವುದು ಕಡಿಮೆ. ಅದರ ಬದಲು ಒಂದೇ ಒಂದು ಕೋರಿಕೆ ಇಡಿ: ಕಳೆದ ಆರು ತಿಂಗಳಲ್ಲಿ ನಿಮ್ಮಿಂದ ಉತ್ತರಿಸಲಾಗದ, ಅಥವಾ ಉತ್ತರಿಸಲು ಬೇರೆ ಗ್ರಂಥಾಲಯದ ನೆರವು ಪಡೆಯಬೇಕಾದ ಐದು ಪ್ರಶ್ನೆಗಳನ್ನು ಬರೆದು ಕಳುಹಿಸಿ. ನಲವತ್ತು ಸದಸ್ಯರು ಹೀಗೆ ಬರೆದರೆ ಇನ್ನೂರು ಪ್ರಶ್ನೆಗಳು ಕೈಗೆ ಬರುತ್ತವೆ. ಅವನ್ನು ಗುಂಪು ಮಾಡಿ ನೋಡಿದಾಗ ಸಂಘದ ಮುಂದಿನ ವರ್ಷ ಎಲ್ಲಿದೆ ಎಂಬುದು ತಾನಾಗಿ ಕಾಣುತ್ತದೆ. ಹಳೆಯ ಗೆಜೆಟ್ ಅಧಿಸೂಚನೆ ಸಿಗಲಿಲ್ಲ ಎಂಬ ಪ್ರಶ್ನೆಗಳು ಮೂವತ್ತಿದ್ದರೆ ಬೇಕಾದದ್ದು ಉಪನ್ಯಾಸವಲ್ಲ, ಯಾವ ಗ್ರಂಥಾಲಯದಲ್ಲಿ ಯಾವ ವರ್ಷದ ಗೆಜೆಟ್ ಇದೆ ಎಂಬ ಒಕ್ಕೂಟ ಸೂಚಿ. ವಿದೇಶಿ ಕಾನೂನಿನ ಪ್ರಶ್ನೆಗಳು ಹೆಚ್ಚಿದ್ದರೆ ಆ ವಿಷಯದ ತರಬೇತಿಗೆ ಅರ್ಥವಿದೆ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ವಕೀಲರ ಸಂಸ್ಥೆಯ ಗ್ರಂಥಪಾಲಕರಿಗೆ ಬರುವ ಪ್ರಶ್ನೆಯೇ ಕಕ್ಷಿದಾರರ ಗುಟ್ಟನ್ನು ಬಿಟ್ಟುಕೊಡಬಹುದು. ಇಂಥ ಕಂಪನಿಯ ವಿಲೀನದ ಬಗ್ಗೆ ಹಳೆಯ ಆದೇಶ ಹುಡುಕಿದೆವು ಎಂದು ಬರೆದರೆ ಸಾಕು, ಇನ್ನೂ ಬಹಿರಂಗವಾಗದ ವ್ಯವಹಾರವೊಂದು ಹೊರಬಿದ್ದಂತೆ. ನ್ಯಾಯಾಧೀಶರಿಗಾಗಿ ಮಾಡಿದ ಶೋಧನೆಯಾದರೆ ಇನ್ನೂ ಬರಲಿರುವ ತೀರ್ಪಿನ ಸುಳಿವು ಅದರಲ್ಲಿರಬಹುದು. ಆದ್ದರಿಂದ ಹೆಸರು, ಪ್ರಕರಣದ ಸಂಖ್ಯೆ, ಉದ್ಯಮದ ವಿವರ ಎಲ್ಲವನ್ನೂ ತೆಗೆದು, ಯಾವ ಬಗೆಯ ಮೂಲ ಬೇಕಿತ್ತು, ಯಾವ ಕಾಲದ್ದು, ಎಲ್ಲಿ ಹುಡುಕಾಟ ನಿಂತಿತು ಎಂಬ ಮೂರು ಅಂಶಗಳನ್ನಷ್ಟೇ ಬರೆಯುವಂತೆ ಕೋರಿಕೆಯಲ್ಲೇ ಸ್ಪಷ್ಟಪಡಿಸಿ.

ಬರೆದು ಕಳುಹಿಸುವವರು ಸಾಮಾನ್ಯವಾಗಿ ಮೊದಲೇ ಚಟುವಟಿಕೆಯಿಂದಿರುವ ಸದಸ್ಯರು. ಒಬ್ಬರೇ ನಡೆಸುವ ಸಣ್ಣ ಗ್ರಂಥಾಲಯಗಳವರು ಉತ್ತರಿಸುವುದಿಲ್ಲ, ಅವರಿಗೆ ಬಿಡುವಿರುವುದಿಲ್ಲ. ಯೋಜನಾ ತಂಡದ ಪ್ರತಿಯೊಬ್ಬರೂ ಅಂಥ ಐದು ಮಂದಿಗೆ ದೂರವಾಣಿ ಮಾಡಿ ಹದಿನೈದು ನಿಮಿಷ ಮಾತನಾಡುವುದನ್ನು ಕಡ್ಡಾಯ ಮಾಡಿಕೊಳ್ಳಿ. ನನ್ನ ಅನುಭವದಲ್ಲಿ ಇಡೀ ಯೋಜನಾ ಪ್ರಕ್ರಿಯೆಯಲ್ಲಿ ಹೆಚ್ಚು ಫಲ ಕೊಡುವ ಸಮಯ ಇದೇ.

ಮೂರನೆಯ ಹಂತ: ಹೊರಗಿನ ಕಾಲಪಟ್ಟಿಯನ್ನು ಗುರುತಿಸಿ

ಒಂದು ದೊಡ್ಡ ಹಾಳೆಯ ಮೇಲೆ ಹನ್ನೆರಡು ತಿಂಗಳುಗಳನ್ನು ಬರೆದು ಮೊದಲು ಸಂಘದ್ದಲ್ಲದ ದಿನಾಂಕಗಳನ್ನು ತುಂಬಿ: ನ್ಯಾಯಾಲಯಗಳ ರಜಾಕಾಲ, ಶಾಸನಸಭೆಯ ಆಯವ್ಯಯ ಅಧಿವೇಶನ, ಕಾನೂನು ಕಾಲೇಜುಗಳ ಪ್ರವೇಶ ಮತ್ತು ಪರೀಕ್ಷೆಯ ವಾರಗಳು, ಚಂದಾ ನವೀಕರಣದ ತಿಂಗಳು, ಲೆಕ್ಕಪತ್ರ ವರ್ಷದ ಕೊನೆ. ನ್ಯಾಯಾಲಯದ ರಜೆ ನ್ಯಾಯಾಲಯ ಗ್ರಂಥಪಾಲಕರಿಗೆ ತರಬೇತಿಗೆ ಒಳ್ಳೆಯ ಸಮಯವಾಗಿದ್ದರೂ ಅದೇ ಹೊತ್ತಿಗೆ ಕಾಲೇಜಿನವರು ಪ್ರವೇಶದ ಗದ್ದಲದಲ್ಲಿರಬಹುದು. ಎಲ್ಲರಿಗೂ ಹೊಂದುವ ವಾರಗಳು ವರ್ಷದಲ್ಲಿ ಬಹಳ ಕಡಿಮೆ ಉಳಿಯುತ್ತವೆ ಎಂಬುದು ಹಾಳೆ ತುಂಬಿದ ಮೇಲೆ ಅರಿವಾಗುತ್ತದೆ.

ಆಮೇಲೆ ಕಾನೂನಿನಲ್ಲೇ ಬರಲಿರುವ ಬದಲಾವಣೆಗಳನ್ನು ಗುರುತಿಸಿ. ಹಳೆಯ ಸಂಹಿತೆಯೊಂದರ ಜಾಗಕ್ಕೆ ಹೊಸ ಸಂಹಿತೆ ಬರುವ ವರ್ಷ ಗ್ರಂಥಪಾಲಕರ ಪಾಲಿಗೆ ಸಾಮಾನ್ಯ ವರ್ಷವಲ್ಲ. ಹೊಸದು ಜಾರಿಯಾಗುವ ಮೊದಲು ನಡೆದ ಅಪರಾಧಗಳಿಗೆ ಸಾಮಾನ್ಯವಾಗಿ ಹಳೆಯ ಕಾನೂನೇ ಅನ್ವಯಿಸುವುದರಿಂದ ಹಳೆಯ ವ್ಯಾಖ್ಯಾನ ಗ್ರಂಥಗಳು ಇನ್ನೂ ಹಲವು ವರ್ಷ ಬೇಕಾಗುತ್ತವೆ. ಕಪಾಟಿನ ಜಾಗಕ್ಕಾಗಿ ಅವನ್ನು ವಿಲೇವಾರಿ ಮಾಡುವ ಆತುರ ಅಂಥ ವರ್ಷದಲ್ಲೇ ಹೆಚ್ಚು. ಯಾವ ಹಳೆಯ ಕಲಂ ಯಾವ ಹೊಸ ಕಲಂ ಆಗಿದೆ ಎಂಬ ತುಲನಾ ಪಟ್ಟಿಯನ್ನು ನಲವತ್ತು ಗ್ರಂಥಪಾಲಕರು ನಲವತ್ತು ಕಡೆ ತಯಾರಿಸುವ ಬದಲು ಸಂಘವೇ ಒಮ್ಮೆ ತಯಾರಿಸಿ, ಇಬ್ಬರಿಂದ ಪರಿಶೀಲಿಸಿ ಹಂಚಬಹುದು. ಇಂಥ ಕೆಲಸಕ್ಕೆ ತಕ್ಕ ಕಾಲ ಒಂದೇ ಸಲ ಬರುತ್ತದೆ, ತಪ್ಪಿದರೆ ಮತ್ತೆ ಉಪಯೋಗವಿಲ್ಲ.

ನಾಲ್ಕನೆಯ ಹಂತ: ಇರುವ ಗಂಟೆಗಳನ್ನು ಎಣಿಸಿ

ಬಹುತೇಕ ಯೋಜನೆಗಳು ಸೋಲುವುದು ಇಲ್ಲಿ. ಹಣದ ಲೆಕ್ಕವನ್ನು ಎಲ್ಲ ಸಂಘಗಳೂ ಇಡುತ್ತವೆ, ಸ್ವಯಂಸೇವಕರ ಸಮಯದ ಲೆಕ್ಕವನ್ನು ಇಡುವವರು ವಿರಳ. ಆದರೆ ಇಂಥ ಸಂಘಗಳಲ್ಲಿ ಹಣಕ್ಕಿಂತ ಮೊದಲು ಮುಗಿದುಹೋಗುವುದು ಸಮಯ.

ಉದಾಹರಣೆಗೆ, ಏಳು ಮಂದಿಯ ಕಾರ್ಯಕಾರಿ ಸಮಿತಿ ಮತ್ತು ಐವರು ಉಪಸಮಿತಿ ಸದಸ್ಯರು, ಒಟ್ಟು ಹನ್ನೆರಡು ಜನ, ತಿಂಗಳಿಗೆ ತಲಾ 3 ಗಂಟೆ ಕೊಡಬಲ್ಲರು ಎಂದುಕೊಳ್ಳೋಣ. ರಜೆ ಮತ್ತು ವರ್ಷಾಂತ್ಯದ ಒತ್ತಡ ಕಳೆದರೆ ಕೆಲಸ ನಡೆಯುವುದು ಹತ್ತು ತಿಂಗಳು. ಹಾಗಾದರೆ ಸಂಘದ ಇಡೀ ವರ್ಷದ ಬಂಡವಾಳ 360 ಗಂಟೆ. ಇದರಲ್ಲಿ ಏಳು ಜನ ತಿಂಗಳಿಗೊಮ್ಮೆ ಒಂದೂವರೆ ಗಂಟೆ ಸಭೆ ಸೇರಿದರೆ 105 ಗಂಟೆ ಅಲ್ಲಿಗೇ ಹೋಯಿತು. ಕಾಯಿಲೆ, ವರ್ಗಾವಣೆ, ಅನಿರೀಕ್ಷಿತ ಕೆಲಸಗಳಿಗೆಂದು ಒಟ್ಟಿನ ಐದನೆಯ ಒಂದು ಭಾಗವನ್ನು, ಅಂದರೆ 72 ಗಂಟೆಗಳನ್ನು, ಮುಟ್ಟದೆ ಇಡಬೇಕು. ಉಳಿಯುವುದು 183. ಒಂದು ತರಬೇತಿ ಕಾರ್ಯಕ್ರಮಕ್ಕೆ ವಿಷಯ ನಿರ್ಧಾರ, ತರಬೇತುದಾರರೊಂದಿಗೆ ಮಾತುಕತೆ, ಅಭ್ಯಾಸ ಸಾಮಗ್ರಿ, ನೋಂದಣಿ, ಆ ದಿನದ ನಿರ್ವಹಣೆ, ಬಳಿಕದ ವರದಿ ಎಲ್ಲ ಸೇರಿ 25 ಗಂಟೆ ತಗಲುತ್ತದೆ ಎಂದಿಟ್ಟುಕೊಂಡರೆ ಮೂರು ತರಬೇತಿಗಳಿಗೆ 75 ಗಂಟೆ. ಈಗ ಕೈಯಲ್ಲಿರುವುದು 108 ಗಂಟೆ. ತಿಂಗಳಿಗೆ 10 ಗಂಟೆ ಬೇಡುವ ಮಾಸಿಕ ಸುದ್ದಿಪತ್ರ ನಡೆಸಿದರೆ ಅದರಲ್ಲಿ 100 ಖರ್ಚಾಗುತ್ತದೆ, ಒಕ್ಕೂಟ ಸೂಚಿಗೆ 8 ಗಂಟೆಯಷ್ಟೇ ಉಳಿಯುತ್ತದೆ. ಸುದ್ದಿಪತ್ರವನ್ನು ವರ್ಷಕ್ಕೆ ಎರಡಕ್ಕೆ ಇಳಿಸಿದರೆ 88 ಗಂಟೆಗಳ ಒಂದು ಗಟ್ಟಿ ಕೆಲಸ ಸಾಧ್ಯ.

ಅಂಕಿಗಳು ನಿಮ್ಮ ಸಂಘದಲ್ಲಿ ಬೇರೆ ಇರುತ್ತವೆ. ಆದರೆ ಈ ಕಳೆಯುವ ಲೆಕ್ಕವನ್ನು ಸಮಿತಿಯ ಎಲ್ಲರ ಎದುರು ಒಮ್ಮೆ ಹಲಗೆಯ ಮೇಲೆ ಮಾಡಿ ತೋರಿಸಿ. "ಅದೂ ಮಾಡೋಣ, ಇದೂ ಮಾಡೋಣ" ಎನ್ನುವ ಉತ್ಸಾಹ ಅಲ್ಲಿಗೆ ಹದಕ್ಕೆ ಬರುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ.

ಐದನೆಯ ಹಂತ: ಮೂರೇ ಆದ್ಯತೆಗಳನ್ನು ಆರಿಸಿ

ಪ್ರಸ್ತಾಪಗಳೆಲ್ಲ ಮುಂದಿರುವಾಗ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿ. ಇದನ್ನು ಒಂದು ಗ್ರಂಥಾಲಯ ತಾನೇ ಮಾಡಿಕೊಳ್ಳಬಲ್ಲದೇ? ಇದನ್ನು ನಡೆಸಲು ಒಬ್ಬರು ಹೆಸರು ಕೊಟ್ಟಿದ್ದಾರೆಯೇ? ವರ್ಷದ ಕೊನೆಗೆ ಸದಸ್ಯರ ಕೈಗೆ ಏನು ಸಿಗುತ್ತದೆ? ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು, ಮೂರನೆಯದಕ್ಕೆ ಕಣ್ಣಿಗೆ ಕಾಣುವ ಉತ್ತರ ಇರುವ ಕೆಲಸಗಳಷ್ಟೇ ಮುಂದಕ್ಕೆ ಹೋಗಲಿ. ಈಗಿನ ಕಾಲದಲ್ಲಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬಲ್ಲ ಕೆಲವು ಕೆಲಸಗಳನ್ನು ಸ್ವಲ್ಪ ವಿವರವಾಗಿ ನೋಡೋಣ.

ಕೃತಕ ಬುದ್ಧಿಮತ್ತೆಯ ವಿಷಯವನ್ನು ಈಗ ಯಾವ ಸಂಘವೂ ಬದಿಗಿಡುವಂತಿಲ್ಲ. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು ಮಾಟಾ ವಿರುದ್ಧ ಏವಿಯಾಂಕಾ ಪ್ರಕರಣದಲ್ಲಿ, ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಅಸ್ತಿತ್ವದಲ್ಲಿಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ಕಾನೂನು ಶೋಧನೆಗಾಗಿಯೇ ತಯಾರಾದ ಉಪಕರಣಗಳಾದರೆ ಭಯವಿಲ್ಲ ಎಂಬ ನಂಬಿಕೆಯೂ ಗಟ್ಟಿ ನೆಲದ ಮೇಲಿಲ್ಲ. 2024ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಮುಖ ಪ್ರಕಾಶಕರ ಅಂಥ ಉಪಕರಣಗಳನ್ನು ಪರೀಕ್ಷಿಸಿದಾಗ, ಶೇಕಡ 17ರಿಂದ 33ರಷ್ಟು ಪ್ರಶ್ನೆಗಳಿಗೆ ಬಂದ ಉತ್ತರಗಳಲ್ಲಿ ಕಲ್ಪಿತ ಅಥವಾ ಆಧಾರವಿಲ್ಲದ ಅಂಶಗಳಿದ್ದವು. ಉಲ್ಲೇಖವೊಂದನ್ನು ಮೂಲ ವರದಿಯೊಂದಿಗೆ ತಾಳೆ ನೋಡುವುದು ಕಾನೂನು ಗ್ರಂಥಪಾಲಕರ ಹಳೆಯ ವಿದ್ಯೆ. ಆ ವಿದ್ಯೆಗೆ ಇಷ್ಟು ಬೇಡಿಕೆ ಹಿಂದೆ ಇದ್ದಿರಲಾರದು. ಆದ್ದರಿಂದ "ಕೃತಕ ಬುದ್ಧಿಮತ್ತೆ ಮತ್ತು ಗ್ರಂಥಾಲಯಗಳ ಭವಿಷ್ಯ" ಎಂಬಂಥ ಉಪನ್ಯಾಸದ ಬದಲು ಕೈಕೆಲಸದ ತರಬೇತಿ ಇಟ್ಟುಕೊಳ್ಳಿ. ಹನ್ನೆರಡು ಉಲ್ಲೇಖಗಳಿರುವ ಒಂದು ಟಿಪ್ಪಣಿಯನ್ನು ಕೊಡಿ. ಅದರಲ್ಲಿ ಮೂರು ಪೂರ್ತಿ ಸುಳ್ಳು, ಎರಡು ನಿಜವಾದ ತೀರ್ಪುಗಳೇ ಆದರೂ ಟಿಪ್ಪಣಿ ಹೇಳುವ ಮಾತನ್ನು ಹೇಳದವು, ಒಂದು ಮೇಲ್ಮನವಿಯಲ್ಲಿ ರದ್ದಾದದ್ದು ಇರಲಿ. ಭಾಗವಹಿಸಿದವರು ಪ್ರತಿಯೊಂದನ್ನೂ ಹೇಗೆ ಪತ್ತೆ ಮಾಡಿದರು ಎಂಬುದನ್ನು ಬರೆದಿಡಲಿ. ಆ ಬರಹಗಳಿಂದ ಹುಟ್ಟುವ ಎರಡು ಪುಟಗಳ ಪರಿಶೀಲನಾ ಕ್ರಮವನ್ನು ಪ್ರತಿ ಸದಸ್ಯರೂ ತಮ್ಮ ವಕೀಲರಿಗೆ, ವಿದ್ಯಾರ್ಥಿಗಳಿಗೆ ಕೊಡಬಹುದು. ಪೂರ್ತಿ ಸುಳ್ಳನ್ನು ಹಿಡಿಯುವುದು ಸುಲಭ. ನಿಜವಾದ ತೀರ್ಪಿನ ತಪ್ಪು ಅರ್ಥವನ್ನು ಹಿಡಿಯುವುದೇ ಕಷ್ಟ, ತರಬೇತಿಯ ಹೆಚ್ಚಿನ ಸಮಯ ಅದಕ್ಕೇ ಮೀಸಲಾಗಲಿ.

ಎರಡನೆಯದು ಕಣ್ಮರೆಯಾಗುವ ಕೊಂಡಿಗಳ ಸಮಸ್ಯೆ. ಹಾರ್ವರ್ಡ್ ಕಾನೂನು ಶಾಲೆಯ ಸಂಶೋಧಕರು ನಡೆಸಿದ ಅಧ್ಯಯನವೊಂದರ ಪ್ರಕಾರ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಉಲ್ಲೇಖಗೊಂಡ ಅಂತರ್ಜಾಲ ಕೊಂಡಿಗಳಲ್ಲಿ ಸುಮಾರು ಅರ್ಧದಷ್ಟು ಮೂಲ ಮಾಹಿತಿಗೆ ಒಯ್ಯುತ್ತಿರಲಿಲ್ಲ, ಅಧ್ಯಯನಕ್ಕೊಳಪಟ್ಟ ಕಾನೂನು ನಿಯತಕಾಲಿಕೆಗಳಲ್ಲಿ ಈ ಪ್ರಮಾಣ ಶೇಕಡ 70ಕ್ಕಿಂತ ಹೆಚ್ಚಿತ್ತು. ಇದಕ್ಕೆ ಉತ್ತರವಾಗಿ 2013ರಲ್ಲಿ ಅದೇ ಕಾನೂನು ಶಾಲೆಯ ಗ್ರಂಥಾಲಯವು ಹಲವು ಗ್ರಂಥಾಲಯಗಳ ಸಹಭಾಗಿತ್ವದಲ್ಲಿ ಪರ್ಮಾ ಎಂಬ ಸೇವೆಯನ್ನು ಆರಂಭಿಸಿತು. ಉಲ್ಲೇಖಿಸಿದ ಪುಟದ ಪ್ರತಿಯನ್ನು ಸಂಗ್ರಹಿಸಿ ಅದಕ್ಕೆ ಸ್ಥಿರವಾದ ಕೊಂಡಿ ಕೊಡುವುದು ಅದರ ಕೆಲಸ. ನಿಮ್ಮ ಸಂಘವು ಇಷ್ಟು ದೊಡ್ಡದನ್ನು ಕಟ್ಟಬೇಕಿಲ್ಲ. ಸದಸ್ಯ ಸಂಸ್ಥೆಗಳ ಒಂದು ವರ್ಷದ ಪ್ರಕಟಣೆಗಳಲ್ಲಿರುವ ಕೊಂಡಿಗಳನ್ನು ಪರೀಕ್ಷಿಸಿ, ಎಷ್ಟು ಸತ್ತಿವೆ ಎಂದು ಎಣಿಸಿ, ಆ ಪುರಾವೆಯೊಂದಿಗೆ ಸಂಪಾದಕ ಮಂಡಳಿಗಳ ಮುಂದೆ ಹೋಗುವುದು ಒಂದು ವರ್ಷದಲ್ಲಿ ಮುಗಿಯುವ ಕೆಲಸ.

ಒಕ್ಕೂಟ ಸೂಚಿ ಮತ್ತು ಕೊನೆಯ ಪ್ರತಿಯ ಒಪ್ಪಂದದ ಬಗ್ಗೆ ನನಗೆ ವಿಶೇಷ ಒಲವಿದೆ ಎಂದು ಒಪ್ಪಿಕೊಳ್ಳುತ್ತೇನೆ. ಡಿಜಿಟಲ್ ರೂಪ ಸಿಕ್ಕಿತೆಂದು ಎಲ್ಲ ಗ್ರಂಥಾಲಯಗಳೂ ಒಂದೇ ಹಳೆಯ ವರದಿ ಸರಣಿಯನ್ನು ಒಂದೇ ಕಾಲದಲ್ಲಿ ವಿಲೇವಾರಿ ಮಾಡಿದರೆ, ಸ್ಕ್ಯಾನ್ ಪ್ರತಿಯಲ್ಲಿ ಪುಟ ಬಿಟ್ಟುಹೋಗಿರುವುದು ಗೊತ್ತಾಗುವ ದಿನ ಮುದ್ರಿತ ಪ್ರತಿ ಎಲ್ಲೂ ಇರುವುದಿಲ್ಲ. ಚಂದಾ ನಿಂತ ದಿನ ಡೇಟಾಬೇಸಿನ ಹಳೆಯ ವರ್ಷಗಳೂ ಕೈತಪ್ಪಬಹುದು. ಯಾವ ಗ್ರಂಥಾಲಯ ಯಾವ ಸರಣಿಯನ್ನು ಕಾಯ್ದಿಡುತ್ತದೆ ಎಂದು ಲಿಖಿತವಾಗಿ ಹಂಚಿಕೊಂಡರೆ ಉಳಿದವರು ನಿಶ್ಚಿಂತೆಯಿಂದ ಜಾಗ ಬಿಡಿಸಿಕೊಳ್ಳಬಹುದು. ಮೊದಲ ವರ್ಷಕ್ಕೆ ಹತ್ತು ಸರಣಿಗಳು ಸಾಕು. ಪ್ರತಿ ಸರಣಿಗೆ ಸಂಪುಟಗಳ ವ್ಯಾಪ್ತಿ, ಕಾಣೆಯಾದ ಸಂಪುಟಗಳು, ಕಟ್ಟಿನ ಸ್ಥಿತಿ ಮತ್ತು ಪ್ರತಿ ಕಳುಹಿಸಲು ಆ ಗ್ರಂಥಾಲಯ ಒಪ್ಪುತ್ತದೆಯೇ ಎಂಬ ನಾಲ್ಕು ಅಂಕಣಗಳಷ್ಟೇ ಇರಲಿ. ಅಂಕಣಗಳನ್ನು ಹೆಚ್ಚಿಸಿದಷ್ಟೂ ತುಂಬಿ ಕಳುಹಿಸುವವರು ಕಡಿಮೆಯಾಗುತ್ತಾರೆ.

ಚಂದಾ ದರಗಳ ವಿಷಯ ಎತ್ತುವಾಗ ಬಹಳ ಜಾಗ್ರತೆ ಬೇಕು. ಪರಸ್ಪರ ಸಂಬಂಧವಿಲ್ಲದ ಸಂಸ್ಥೆಗಳು ಒಂದು ಸಂಘದ ಸಭೆಯಲ್ಲಿ ಕುಳಿತು ದರಗಳನ್ನು ಹೋಲಿಸಿ, ಇಂಥ ಪ್ರಕಾಶಕರಿಂದ ಕೊಳ್ಳುವುದು ಬೇಡ ಎಂದು ತೀರ್ಮಾನಿಸಿದರೆ ಹಲವು ದೇಶಗಳ ಸ್ಪರ್ಧಾ ಕಾನೂನಿನ ಅಡಿ ಅದು ಪ್ರಶ್ನೆಗೊಳಗಾಗಬಹುದು. ಜೊತೆಗೆ ಅನೇಕ ಒಪ್ಪಂದಗಳಲ್ಲಿ ದರವನ್ನು ಹೊರಗೆ ಹೇಳಬಾರದೆಂಬ ಷರತ್ತಿರುತ್ತದೆ. ಹಾಗೆಂದು ಸಂಘ ಕೈಕಟ್ಟಿ ಕೂರಬೇಕಾಗಿಲ್ಲ. ಒಪ್ಪಂದದಲ್ಲಿ ಯಾವ ಷರತ್ತುಗಳನ್ನು ಗಮನಿಸಬೇಕು, ಚಂದಾ ನಿಂತ ಮೇಲೆ ಹಳೆಯ ವಿಷಯಕ್ಕೆ ಪ್ರವೇಶ ಉಳಿಯುತ್ತದೆಯೇ, ಬೇರೆ ಗ್ರಂಥಾಲಯಕ್ಕೆ ಪ್ರತಿ ಕೊಡಬಹುದೇ, ಬಳಕೆದಾರರ ಹುಡುಕಾಟದ ದಾಖಲೆ ಯಾರ ಬಳಿ ಇರುತ್ತದೆ ಎಂಬ ಪರಿಶೀಲನಾ ಪಟ್ಟಿಯನ್ನು ತಯಾರಿಸಬಹುದು. ಜಂಟಿ ಖರೀದಿ ಮಾಡುವುದಾದರೆ ಮೊದಲು ಸ್ವತಂತ್ರ ವಕೀಲರೊಬ್ಬರ ಲಿಖಿತ ಸಲಹೆ ಪಡೆದೇ ಹೆಜ್ಜೆ ಇಡಿ.

ಕಾನೂನನ್ನು ಜನರಿಗೆ ಮುಕ್ತವಾಗಿ ತಲುಪಿಸುವ ಪ್ರಯತ್ನ ಒಂದು ವರ್ಷಕ್ಕೆ ಮುಗಿಯುವಂಥದ್ದಲ್ಲ, ಆದರೆ ಅದರ ಒಂದು ತುಂಡು ಪ್ರತಿ ವರ್ಷದ ಯೋಜನೆಯಲ್ಲೂ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾನೂನನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಲು 1992ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಕಾನೂನು ಮಾಹಿತಿ ಸಂಸ್ಥೆ, ಅದೇ ಉದ್ದೇಶಕ್ಕೆ 1995ರಲ್ಲಿ ಹುಟ್ಟಿದ ಆಸ್ಟ್ರೇಲಿಯಾದ ಆಸ್ಟ್‌ಲಿಐ, ಮತ್ತು 2002ರಲ್ಲಿ ಇಂಥ ಸಂಸ್ಥೆಗಳು ಒಟ್ಟಾಗಿ ಒಪ್ಪಿದ ಮಾಂಟ್ರಿಯಲ್ ಘೋಷಣೆ, ಕಾನೂನು ಮಾಹಿತಿ ಸಾರ್ವಜನಿಕರ ಸಮಾನ ಸ್ವತ್ತು ಎಂಬ ನಿಲುವನ್ನು ನೆಲೆಗೊಳಿಸಿದವು. ಇದರಲ್ಲಿ ಗ್ರಂಥಪಾಲಕರ ಸಂಘ ಏನು ಮಾಡಬಲ್ಲದು ಎಂದು ಕೇಳುವವರಿಗೆ ಅಮೆರಿಕದ ಸಂಘದ ಉದಾಹರಣೆ ಕೊಡುತ್ತೇನೆ. ಸರ್ಕಾರಗಳು ಅಂತರ್ಜಾಲದಲ್ಲಿ ಪ್ರಕಟಿಸುವ ಕಾನೂನು ಅಧಿಕೃತವೇ, ದೃಢೀಕೃತವೇ ಎಂದು ಅದು ರಾಜ್ಯವಾರು ಸಮೀಕ್ಷೆ ನಡೆಸಿ 2007ರಲ್ಲಿ ವರದಿ ಪ್ರಕಟಿಸಿತು. ಆ ದಾರಿಯಲ್ಲೇ ಮುಂದೆ 2011ರಲ್ಲಿ, ವಿದ್ಯುನ್ಮಾನ ರೂಪದ ಅಧಿಕೃತ ಕಾನೂನನ್ನು ದೃಢೀಕರಿಸಬೇಕು, ಕಾಪಾಡಬೇಕು, ಶಾಶ್ವತವಾಗಿ ಜನರಿಗೆ ಲಭ್ಯವಿರಿಸಬೇಕು ಎನ್ನುವ ಮಾದರಿ ಕಾಯ್ದೆ ರೂಪುಗೊಂಡಿತು. ಮೊದಲು ಪುರಾವೆ, ಆಮೇಲೆ ಮನವಿ, ಈ ಕ್ರಮವನ್ನು ಗಮನಿಸಿ. ಪುರಾವೆಯಿಲ್ಲದ ಮನವಿಪತ್ರ ಕಡತದಲ್ಲೇ ಉಳಿಯುತ್ತದೆ.

ಇವೆಲ್ಲವನ್ನೂ ಒಂದೇ ವರ್ಷದಲ್ಲಿ ಹಿಡಿಯಬಾರದು ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ. ಸಣ್ಣ ಸಂಘವಾದರೆ ಮೂರೂ ಹೆಚ್ಚೇ.

ಆರನೆಯ ಹಂತ: ಪ್ರತಿ ಕೆಲಸಕ್ಕೂ ಒಂದು ಪುಟ ಬರೆಯಿರಿ

"ಸದಸ್ಯರ ವೃತ್ತಿ ಕೌಶಲವನ್ನು ಹೆಚ್ಚಿಸುವುದು" ಎಂಬ ಸಾಲು ಯೋಜನೆಯಲ್ಲ, ಅದು ಹಾರೈಕೆ. "ಐದನೆಯ ತಿಂಗಳ ಕೊನೆಯೊಳಗೆ ಹತ್ತು ವರದಿ ಸರಣಿಗಳ ಒಕ್ಕೂಟ ಸೂಚಿಯನ್ನು ಕನಿಷ್ಠ ಇಪ್ಪತ್ತು ಗ್ರಂಥಾಲಯಗಳಿಂದ ಮಾಹಿತಿ ಪಡೆದು ಸದಸ್ಯರಿಗೆ ಹಂಚುವುದು, ಇದಕ್ಕೆ 88 ಗಂಟೆ" ಎಂಬುದು ಯೋಜನೆ. ಪುಟದಲ್ಲಿ ಮುನ್ನಡೆಸುವವರ ಹೆಸರು, ಅವರಿಗೆ ಅಡ್ಡಿಯಾದರೆ ವಹಿಸಿಕೊಳ್ಳುವ ಎರಡನೆಯವರ ಹೆಸರು, ಗಂಟೆ, ಹಣ, ನಡುವಿನ ಎರಡು ಗಡುವುಗಳು, ಮತ್ತು ಮುಗಿಯಿತು ಎಂದು ಹೇಳಲು ಏನು ಇರಬೇಕು ಎಂಬ ಒಂದು ವಾಕ್ಯ ಇರಲಿ. ಉಪಸಮಿತಿಯ ಹೆಸರನ್ನು ಮಾತ್ರ ಬರೆದು ಬಿಡಬೇಡಿ. ಉಪಸಮಿತಿಗೆ ಒಪ್ಪಿಸಿದ ಕೆಲಸ ಯಾರಿಗೂ ಒಪ್ಪಿಸದ ಕೆಲಸವಾಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಏಳನೆಯ ಹಂತ: ಆಯವ್ಯಯ ಮತ್ತು ಪ್ರಾಯೋಜಕರು

ಆದಾಯವನ್ನು ಒಟ್ಟು ಸದಸ್ಯರ ಸಂಖ್ಯೆಯಿಂದ ಲೆಕ್ಕ ಹಾಕದೆ, ಕಳೆದ ವರ್ಷ ನಿಜವಾಗಿ ಶುಲ್ಕ ನವೀಕರಿಸಿದವರ ಸಂಖ್ಯೆಯಿಂದ ಲೆಕ್ಕ ಹಾಕಿ. ಸಮ್ಮೇಳನದಿಂದ ಬರುವ ಹಣವನ್ನು ನಿತ್ಯದ ಖರ್ಚಿಗೆ ನೆಚ್ಚಿಕೊಳ್ಳಬೇಡಿ.

ಹೆಚ್ಚು ಯೋಚನೆ ಬೇಡುವುದು ಪ್ರಾಯೋಜಕತ್ವ. ಕಾನೂನು ಗ್ರಂಥಪಾಲಕರ ಕಾರ್ಯಕ್ರಮಗಳಿಗೆ ಹಣ ಕೊಡಲು ಸಿದ್ಧರಿರುವವರು ಸಾಮಾನ್ಯವಾಗಿ ಅದೇ ಗ್ರಂಥಪಾಲಕರಿಗೆ ಡೇಟಾಬೇಸ್ ಮಾರುವವರು. ಅವರ ನೆರವನ್ನು ಪೂರ್ತಿ ನಿರಾಕರಿಸಬೇಕೆಂದು ನಾನು ಹೇಳುವುದಿಲ್ಲ, ಅವರಿಲ್ಲದೆ ಎಷ್ಟೋ ಸಮ್ಮೇಳನಗಳು ನಡೆಯಲಾರವು. ಆದರೆ ನಿಯಮಗಳು ಹಣ ಬರುವ ಮೊದಲೇ ಲಿಖಿತವಾಗಿರಬೇಕು: ಪ್ರಾಯೋಜಕರು ವಿಷಯವನ್ನಾಗಲಿ ಭಾಷಣಕಾರರನ್ನಾಗಲಿ ನಿರ್ಧರಿಸುವುದಿಲ್ಲ, ಸದಸ್ಯರ ವಿಳಾಸಪಟ್ಟಿ ಅವರಿಗೆ ಸಿಗುವುದಿಲ್ಲ, ಉತ್ಪನ್ನ ಪ್ರದರ್ಶನಕ್ಕೆ ಪ್ರತ್ಯೇಕ ಸಮಯವಿರುತ್ತದೆ ಮತ್ತು ಅದು ಪ್ರದರ್ಶನವೆಂದೇ ಕಾರ್ಯಕ್ರಮ ಪಟ್ಟಿಯಲ್ಲಿ ನಮೂದಾಗುತ್ತದೆ. ಉಪಕರಣಗಳ ಗುಣದೋಷಗಳನ್ನು ಹೋಲಿಸುವ ತರಬೇತಿಗೆ ಮಾತ್ರ ಯಾವ ಮಾರಾಟಗಾರರ ಹಣವನ್ನೂ ಪಡೆಯಬಾರದು.

ಎಂಟನೆಯ ಹಂತ: ಸರ್ವಸದಸ್ಯರ ಒಪ್ಪಿಗೆ

ಕರಡನ್ನು ಸಭೆಗೆ ಮೂರು ವಾರ ಮುಂಚೆ ಕಳುಹಿಸಿ, ಬೈಲಾದಲ್ಲಿರುವ ಸೂಚನಾ ಅವಧಿ ಇನ್ನೂ ಹೆಚ್ಚಿದ್ದರೆ ಅದನ್ನೇ ಪಾಲಿಸಿ. ಕೋರಂ ಇಲ್ಲದ ಸಭೆಯಲ್ಲಿ ಆಯವ್ಯಯವನ್ನು ಅಂಗೀಕರಿಸಬೇಡಿ, ಕಾನೂನಿನ ನಡುವೆ ಬದುಕುವ ನಮ್ಮಂಥವರ ಸಂಘಕ್ಕೆ ಅದು ಶೋಭೆಯಲ್ಲ. ಕರಡಿನ ಜೊತೆಗೆ ಈ ವರ್ಷ ಆರಿಸದೆ ಬಿಟ್ಟ ಪ್ರಸ್ತಾಪಗಳ ಪಟ್ಟಿಯನ್ನೂ, ಪ್ರತಿಯೊಂದರ ಎದುರು ಕಾರಣವನ್ನು ಒಂದು ಸಾಲಿನಲ್ಲಿ ಬರೆದು ಲಗತ್ತಿಸಿ. ತಮ್ಮ ಸಲಹೆಯನ್ನು ಯಾರೂ ಓದಲಿಲ್ಲ ಎಂಬ ಬೇಸರ ಸದಸ್ಯರನ್ನು ದೂರ ಮಾಡುತ್ತದೆ. ಓದಿ, ತೂಗಿ, ಕಾರಣ ಕೊಟ್ಟು ಬಿಟ್ಟಿದ್ದಾರೆ ಎಂದು ಕಂಡವರು ಮುಂದಿನ ವರ್ಷ ಮತ್ತೆ ಬರೆಯುತ್ತಾರೆ.

ಒಂಬತ್ತನೆಯ ಹಂತ: ಮೂರು ತಿಂಗಳಿಗೊಮ್ಮೆ ಪರಿಶೀಲನೆ, ಕೊನೆಗೆ ಹಸ್ತಾಂತರ

ಪ್ರತಿ ಮೂರನೆಯ ತಿಂಗಳು ಸಮಿತಿಯ ಸಭೆಯ ಮೊದಲ ಅರ್ಧ ಗಂಟೆಯನ್ನು ಯೋಜನೆಯ ಪುಟಗಳಿಗೆ ಮೀಸಲಿಡಿ. ಪ್ರತಿ ಕೆಲಸದ ಮುಂದಾಳು ಖರ್ಚಾದ ಗಂಟೆಗಳನ್ನೂ ಉಳಿದ ಕೆಲಸವನ್ನೂ ಹೇಳಲಿ. ಅಂದಾಜಿನ ಅರ್ಧದಷ್ಟು ಗಂಟೆ ಮುಗಿದಿದ್ದರೂ ಕೆಲಸದ ಕಾಲುಭಾಗವೂ ಆಗಿರದಿದ್ದರೆ ಅಂದೇ ನಿರ್ಧರಿಸಿ: ವ್ಯಾಪ್ತಿಯನ್ನು ಕಡಿಮೆ ಮಾಡುವುದೋ, ಮೀಸಲು ಗಂಟೆಗಳಿಂದ ಕೊಡುವುದೋ, ನಿಲ್ಲಿಸುವುದೋ. ಹತ್ತು ಸರಣಿಗಳ ಸೂಚಿ ಆರಕ್ಕೆ ಇಳಿದರೂ ಮುಗಿದ ಸೂಚಿ ಬಳಕೆಗೆ ಬರುತ್ತದೆ, ಹತ್ತರ ಅರೆಬರೆ ಸೂಚಿಯನ್ನು ಯಾರೂ ನಂಬಿ ಬಳಸಲಾರರು.

ಹಸ್ತಾಂತರದ ಕಡತವನ್ನು ವರ್ಷದ ಕೊನೆಯ ವಾರಕ್ಕೆ ಬಿಡದೆ ಒಂಬತ್ತನೆಯ ತಿಂಗಳಿನಿಂದಲೇ ಕಟ್ಟಲು ಆರಂಭಿಸಿ. ಅದರಲ್ಲಿ ಪ್ರತಿ ಕೆಲಸದ ಪುಟ ಮತ್ತು ನಿಜವಾಗಿ ತಗಲಿದ ಗಂಟೆಗಳು, ತರಬೇತಿಯ ಅಭ್ಯಾಸ ಸಾಮಗ್ರಿ, ಬ್ಯಾಂಕ್ ಖಾತೆಗೆ ಸಹಿ ಮಾಡುವವರನ್ನು ಬದಲಿಸುವ ಕ್ರಮ, ಸಂಘದ ಜಾಲತಾಣ ಮತ್ತು ಮಿಂಚಂಚೆಯ ಪ್ರವೇಶದ ಹೊಣೆ ಯಾರದು ಎಂಬ ವಿವರ, ನವೀಕರಿಸಬೇಕಾದ ನೋಂದಣಿಗಳ ದಿನಾಂಕಗಳು ಇರಲಿ. ಖಾತೆಗಳನ್ನು ವ್ಯಕ್ತಿಯ ಸ್ವಂತ ಮಿಂಚಂಚೆಗೆ ಜೋಡಿಸದೆ ಹುದ್ದೆಯ ಹೆಸರಿನ ವಿಳಾಸಕ್ಕೆ ಜೋಡಿಸಿ, ಇಲ್ಲದಿದ್ದರೆ ಒಬ್ಬರ ನಿವೃತ್ತಿಯೊಂದಿಗೆ ಸಂಘದ ಹತ್ತು ವರ್ಷಗಳ ಪತ್ರವ್ಯವಹಾರ ಕೈಗೆಟುಕದಂತಾಗುತ್ತದೆ. ಗಂಟೆಗಳ ದಾಖಲೆಯನ್ನು ಕಡತದ ಮೊದಲ ಪುಟದಲ್ಲಿಡಿ. ಹೊಸ ತಂಡವು ಹಲಗೆಯ ಮುಂದೆ ನಿಂತು ಕಳೆಯುವ ಲೆಕ್ಕ ಆರಂಭಿಸುವಾಗ ಅವರಿಗೆ ಮೊದಲು ಬೇಕಾಗುವುದು ಆ ಪುಟ.